ನಾವು ನೋಡಿದ ಮೂರು ಚಿತ್ರಗಳು

ಚಲಚ್ಚಿತ್ರವನ್ನು ನೋಡಿದವನು ಅದರ ವಿಷಯದಲ್ಲಿ ತನ್ನ ಅಭಿಪ್ರಾಯವನ್ನು ಹೇಳದೆ ಇರಲಾರನು. ಗ್ರಂಥವನ್ನು ಓದಿದವನು ಸುಮ್ಮನಿರಬಹುದು. ಸಂಗೀತ ಕಚೇರಿಯಿಂದ ಬಂದವನು "ನನಗೆ ರಾಗಜ್ಞಾನವಿಲ್ಲ" ಎಂದು ಜಾರಿಕೊಳ್ಳಬಹುದು. ಸಿನೆಮಾದ ವಿಷಯದಲ್ಲಿ ಮಾತ್ರ ತನಗೆ ಜ್ಞಾನವಿಲ್ಲವೆಂದು ಒಪ್ಪಿಕೊಂಡವರನ್ನು ನಾನು ಈವರೆಗೆ ಕಂಡಿಲ್ಲ. ಕನ್ನಡದ ಮೊದಲ ವಾಕ್ಚಿತ್ರವಾದ "ಸತಿ ಸುಲೋಚನ" ತೆರೆಯ ಮೇಲೆ ಬಂದದ್ದು 1934ರಲ್ಲಿ. ಅಂದಿನಿಂದ ನಮ್ಮ ನಾಡಿನ ಜಗಲಿಗಳ ಮೇಲೆಯೂ ಕಾಫಿ ಹೋಟೆಲುಗಳಲ್ಲಿಯೂ ಎಷ್ಟು ಚಿತ್ರಗಳು ವಿಚಾರಣೆಗೆ ಗುರಿಯಾಗಿ, ಎಷ್ಟಕ್ಕೆ ಶಿಕ್ಷೆಯಾಗಿ, ಎಷ್ಟು ಬಿಡುಗಡೆ ಹೊಂದಿದುವೋ ಲೆಕ್ಕವಿಟ್ಟವರಿಲ್ಲ.

ಇಂತಹ ವಿಚಾರಣೆಗಳಲ್ಲಿ ನಾನು ಬಹುಕಾಲ ಪಾಲುಗೊಂಡವನಲ್ಲ. ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಪಾಠ ಹೇಳಿದವನಾದ್ದರಿಂದ, ಸಿನೆಮಾ ಎಂದರೆ ಹುಡುಗರ ಮನೆಪಾಠವನ್ನು ಕೆಡಿಸುವ ವಸ್ತು ಎಂಬುದೇ ನನ್ನ ಎಣಿಕೆಯಾಗಿದ್ದಿತು. ನಿವೃತ್ತನಾದ ಮೇಲೆ ಮಗನ ಮನೆಯಲ್ಲಿ ವಾಸವಾಯಿತು. ಅಲ್ಲಿ ಗೋಡೆಯ ಮೇಲೆ ಒಂದು ದೊಡ್ಡ ದೂರದರ್ಶನ ಯಂತ್ರ. ಅಂತರ್ಜಾಲದ ಮೂಲಕ ಅದು ಕೇಳಿದ ಚಿತ್ರವನ್ನು ಕೇಳಿದ ಗಳಿಗೆಯಲ್ಲಿ ತಂದು ಮುಂದಿಡುತ್ತದೆ. ಶನಿವಾರ ರಾತ್ರಿ ಬೇಗ ಊಟ ಮುಗಿಸಿ ಎಲ್ಲರೂ ಕುಳಿತು ಒಂದು ಚಿತ್ರವನ್ನು ನೋಡುವುದು ನಮ್ಮ ಮನೆಯ ಪದ್ಧತಿಯಾಗಿದೆ. ಎಲ್ಲರೂ ಎಂದರೆ ಐದು ಮಂದಿ: ನಾನು, ನನ್ನ ಪತ್ನಿ, ಮಗ, ಸೊಸೆ, ಎಂಟು ವರ್ಷದ ಮೊಮ್ಮಗ.

ಮೊದಲ ಚಿತ್ರವನ್ನು ಆರಿಸುವ ಅಧಿಕಾರವನ್ನು ಹಿರಿಯನೆಂದು ನನಗೆ ಕೊಟ್ಟರು. ನಾನು "ಆದಿ ಶಂಕರಾಚಾರ್ಯ" ಎಂದೆನು. 1983ರಲ್ಲಿ ಜಿ. ವಿ. ಅಯ್ಯರ್ ಅವರು ನಿರ್ದೇಶಿಸಿದ ಈ ಚಿತ್ರ ಸಂಸ್ಕೃತ ಭಾಷೆಯಲ್ಲಿ ತಯಾರಾದ ಮೊದಲನೆಯ ಕಥಾಚಿತ್ರ. ಆ ವರ್ಷದ ಶ್ರೇಷ್ಠ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನು ಪಡೆದದ್ದು. ಅಯ್ಯರ್ ಅವರು ಗುಬ್ಬಿ ಕಂಪನಿಯ ನಾಟಕರಂಗದಲ್ಲಿ ಬೆಳೆದವರು. ಕಾಲಿಗೆ ಪಾದರಕ್ಷೆ ಹಾಕದೆ ಬರಿಗಾಲಿನಲ್ಲಿಯೇ ತಿರುಗಿದವರು. ಸಂಭಾಷಣೆ ಬನ್ನಂಜೆ ಗೋವಿಂದಾಚಾರ್ಯರದು, ಸಂಗೀತ ಬಾಲಮುರಳೀಕೃಷ್ಣ ಅವರದು. ನಾನು ಹುಡುಗನಾಗಿ ಕಲಿತ ಭಾಷೆಯನ್ನು ಮನುಷ್ಯರು ನದಿಯ ದಂಡೆಯಲ್ಲಿ, ಅಂಗಳದಲ್ಲಿ, ನಿತ್ಯದ ಮಾತಿನಂತೆ ಆಡುವುದನ್ನು ಕೇಳಿ ನನಗೆ ಕಣ್ಣು ತುಂಬಿತು.

ಚಿತ್ರ ಮುಗಿಯಿತು. ನಾನು ಬಾಯಿ ತೆರೆದೆನು. ಅದ್ವೈತವೆಂದರೇನು, ಅಧ್ಯಾಸವೆಂದರೇನು, ಚಿತ್ರದಲ್ಲಿ ಅದು ಎಷ್ಟರಮಟ್ಟಿಗೆ ಬಂದಿದೆ, ಯಾವ ಪಾತ್ರಧಾರಿಯ ಮಹಾಪ್ರಾಣ ಶುದ್ಧ, ಯಾರದು ಅಶುದ್ಧ ಎಂಬುದನ್ನೆಲ್ಲ ಗಡಿಯಾರವನ್ನು ನೋಡದೆ ವಿವರಿಸಿದೆನು. ಮಗನು "ಹೌದು" ಎಂದನು. ಸೊಸೆಯೂ "ಹೌದು ಮಾವ" ಎಂದಳು. ಪತ್ನಿ ಹಾಲಿಗೆ ಹೆಪ್ಪು ಹಾಕಲು ಎದ್ದು ಹೋದಳು. ಸಭೆ ಸಂತೋಷವಾಗಿ ಮುಗಿಯಿತೆಂದು ನಾನು ತಿಳಿದೆನು.

ಮರುದಿನ ಮೊಮ್ಮಗನು ಹೂಗಿಡಗಳಿಗೆ ನೀರು ಹಾಕುತ್ತಿದ್ದಾಗ ಮೆಲ್ಲನೆ ಕೇಳಿದನು: "ತಾತ, ಆ ಚಿತ್ರದಲ್ಲಿ ಶಂಕರರ ಜೊತೆಗೆ ಇಬ್ಬರು ಸ್ನೇಹಿತರು ನಡೆಯುತ್ತಾರಲ್ಲ, ಒಬ್ಬನ ಹೆಸರು ಮೃತ್ಯು ಅಂತ. ಸಾವು ಸ್ನೇಹಿತನಾದರೆ ಅವರಿಗೆ ಹೆದರಿಕೆ ಆಗುತ್ತಿರಲಿಲ್ಲವೆ?"

ನಾನು ಬೆರಗಾಗಿ ನಿಂತೆನು. ಪ್ರಜ್ಞಾನವನ್ನೂ ಮೃತ್ಯುವನ್ನೂ ಬಾಲ್ಯದಿಂದ ಜೊತೆಗೆ ನಡೆಯುವ ಇಬ್ಬರು ಒಡನಾಡಿಗಳನ್ನಾಗಿ ಮಾಡಿದುದೇ ಆ ಚಿತ್ರದ ಹೃದಯವೆಂದು ಹೇಳಬಹುದು. ಅಷ್ಟು ಹೊತ್ತಿನ ನನ್ನ ವ್ಯಾಖ್ಯಾನದಲ್ಲಿ ಅದರ ಸುದ್ದಿಯೇ ಬಂದಿರಲಿಲ್ಲ. "ಇದನ್ನು ನೀನು ರಾತ್ರಿಯೇ ಏಕೆ ಕೇಳಲಿಲ್ಲ?" ಎಂದೆನು. ಹುಡುಗನು ಸಹಜವಾಗಿ, "ನೀವು ಹೇಳುತ್ತಿದ್ದಿರಲ್ಲ" ಎಂದನು.

ಈ ಉತ್ತರ ನನಗೆ ಹೊಸದಲ್ಲ. ಶಾಲೆಯಲ್ಲಿಯೂ ಕಾವ್ಯದ ಪಾಠವನ್ನು ಮುಗಿಸಿ, "ನಿಮ್ಮ ಅಭಿಪ್ರಾಯವನ್ನು ಬರೆಯಿರಿ" ಎಂದು ಹೇಳುತ್ತಿದ್ದೆನು. ನಲವತ್ತು ಉತ್ತರಪತ್ರಿಕೆಗಳಲ್ಲಿಯೂ ನನ್ನ ಟಿಪ್ಪಣಿಯೇ ನಲವತ್ತು ಬಗೆಯ ಅಕ್ಷರದಲ್ಲಿ ತಿರುಗಿ ಬರುತ್ತಿದ್ದಿತು. ಚೆನ್ನಾಗಿ ಪಾಠ ಹೇಳಿದ್ದೇನೆಂಬುದಕ್ಕೆ ಅದೇ ಸಾಕ್ಷಿಯೆಂದು ಹೆಚ್ಚಿನ ಅಂಕಗಳನ್ನು ಕೊಡುತ್ತಿದ್ದೆನು.

ಸೊಸೆ ಬ್ಯಾಂಕಿನಲ್ಲಿ ಕೆಲಸದಲ್ಲಿರುವವಳು, ವ್ಯವಹಾರಸ್ಥೆ. ಈ ಪ್ರಸಂಗವನ್ನು ಕೇಳಿ ನಗುತ್ತ ಒಂದು ನಿಯಮವನ್ನು ಸೂಚಿಸಿದಳು. ಚಿತ್ರ ಮುಗಿದ ಮೇಲೆ ಪ್ರತಿಯೊಬ್ಬರೂ ಒಂದೆರಡು ಮಾತು ಆಡತಕ್ಕದ್ದು. ಕಿರಿಯರಿಂದ ಆರಂಭಿಸಿ ಹಿರಿಯರವರೆಗೆ ಬರತಕ್ಕದ್ದು. ಒಬ್ಬರು ಆಡುವಾಗ ಮತ್ತೊಬ್ಬರು ತಿದ್ದಕೂಡದು. ಅಂದರೆ ಕಡೆಯ ಸರದಿ ನನ್ನದು. ನನಗೆ ಇದು ಅಷ್ಟಾಗಿ ರುಚಿಸಲಿಲ್ಲ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಪ್ರೇಕ್ಷಕರ ಭೇದವನ್ನು ಹೇಳುತ್ತ, ತರುಣರಿಗೆ ಶೃಂಗಾರ, ಪಂಡಿತರಿಗೆ ಶಾಸ್ತ್ರವಿಚಾರ, ಶೂರರಿಗೆ ಯುದ್ಧ, ವೃದ್ಧರಿಗೆ ಪುರಾಣ ಹಿಡಿಸುತ್ತವೆ. ಹೆಂಗಸರಿಗೂ ಮಕ್ಕಳಿಗೂ ಹಾಸ್ಯ, ವೇಷಭೂಷಣಗಳು ಎಂಬ ಅರ್ಥದ ಮಾತನ್ನು ಹೇಳಿದ್ದಾನೆ. ಮೊದಲ ಮೂರು ಸರದಿಗಳಲ್ಲಿ ಎರಡು ಹಾಸ್ಯಕ್ಕೂ ವೇಷಕ್ಕೂ ಸಲ್ಲುವುವೆಂದು ಮನಸ್ಸಿನಲ್ಲಿ ಅಂದುಕೊಂಡು ಒಪ್ಪಿದೆನು.

ಎರಡನೆಯ ಶನಿವಾರ ಮಗನ ಆಯ್ಕೆ: "ತಿಥಿ". 2015ರಲ್ಲಿ ತಯಾರಾಗಿ ಸ್ವಿಟ್ಜರ್ಲೆಂಡಿನ ಲೊಕಾರ್ನೋ ಚಿತ್ರೋತ್ಸವದಲ್ಲಿ ಪ್ರಶಸ್ತಿಗಳನ್ನು ಪಡೆದು, ಮರುವರ್ಷ ನಮ್ಮಲ್ಲಿ ಬಿಡುಗಡೆಯಾದ ಚಿತ್ರ. ರಾಮ್ ರೆಡ್ಡಿಯವರು ನಿರ್ದೇಶಕರು. ಕಥೆಯಲ್ಲಿ ಈರೇಗೌಡರು ಜೊತೆಗಾರರು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಗ್ರಾಮದ ಜನರೇ ಪಾತ್ರಧಾರಿಗಳು. ಮುಖಕ್ಕೆ ಬಣ್ಣ ಹಚ್ಚಿ ಅಭ್ಯಾಸವಿಲ್ಲದವರು. ನೂರೊಂದು ವರ್ಷದ ಸೆಂಚುರಿ ಗೌಡ ಬೀದಿಯಲ್ಲಿ ಹೋಗುವವರನ್ನೆಲ್ಲ ಬೈದು ಬೈದು ಒಂದು ದಿನ ಕುಸಿದು ಸಾಯುತ್ತಾನೆ. ಅವನ ಮಗ ಗಡ್ಡಪ್ಪನಿಗೆ ಆಸ್ತಿಯೂ ಬೇಡ, ಮನೆಯೂ ಬೇಡ. ಬೀಡಿ ಸೇದುತ್ತ ಹೊಲಗಳಲ್ಲಿ ಅಲೆಯುವವನು. ಮೊಮ್ಮಗ ತಮ್ಮಣ್ಣನಿಗೆ ಜಮೀನನ್ನು ಮಾರುವ ಆತುರ. ತಂದೆ ಬದುಕಿರುವಾಗ ಅದು ಸಾಧ್ಯವಿಲ್ಲವಾದ್ದರಿಂದ ತಂದೆಯೂ ಸತ್ತನೆಂದು ಕಾಗದದಲ್ಲಿ ತೋರಿಸಿಬಿಡುತ್ತಾನೆ. ಮರಿಮಗ ಅಭಿಗೆ ಕುರಿಗಾಹಿಯ ಹುಡುಗಿಯ ಬೆನ್ನು ಹತ್ತುವುದೊಂದೇ ಕೆಲಸ. ಹನ್ನೊಂದನೆಯ ದಿನದ ತಿಥಿಯೂಟದಲ್ಲಿ ಈ ಮೂವರ ದಾರಿಗಳೂ ಬಂದು ಕೂಡುತ್ತವೆ.

ಮುದುಕನ ಬೈಗುಳಗಳಿಗೆ ಸೊಸೆ ಮಗುವಿನ ಕಿವಿಗಳನ್ನು ಮುಚ್ಚುವುದರಲ್ಲಿಯೇ ಸೋತಳು. ಚಿತ್ರ ಮುಗಿಯಿತು, ನಿಯಮ ಜಾರಿಗೆ ಬಂದಿತು. ಮೊಮ್ಮಗನು, "ಕುರಿಗಳು ಚೆನ್ನಾಗಿದ್ದುವು. ಅವುಗಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ" ಎಂದನು. ಸೊಸೆ, "ಒಂದು ಸುಳ್ಳು ಕಾಗದದಿಂದ ಬದುಕಿರುವ ಮನುಷ್ಯ ಇಲ್ಲವಾಗುತ್ತಾನಲ್ಲ! ಇನ್ನು ಮೇಲೆ ನಮ್ಮಲ್ಲಿಗೆ ಮರಣಪತ್ರ ಬಂದಾಗಲೆಲ್ಲ ನನಗೆ ಗಡ್ಡಪ್ಪನ ನೆನಪಾಗುವುದು" ಎಂದಳು. ಮಗನು, ನಟನೆ ಗೊತ್ತಿಲ್ಲದವರಿಂದ ಇಷ್ಟು ನಿಜವನ್ನು ತೆಗೆದ ನಿರ್ದೇಶಕನ ತಾಳ್ಮೆಯನ್ನು ಹೊಗಳಿದನು.

ಪತ್ನಿಯ ಸರದಿ ಬಂದಿತು. ಆಕೆ ಸ್ವಲ್ಪ ತಡೆದು ಹೇಳಿದಳು: "ಗಡ್ಡಪ್ಪ ರಾತ್ರಿ ಬೆಂಕಿಯ ಸುತ್ತ ಕೂತು ತನ್ನ ಬಾಳಿನ ದುಃಖವನ್ನೆಲ್ಲ ಕುರಿ ಕಾಯುವವರಿಗೆ ಹೇಳುತ್ತಾನೆ. ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೆ ಹೇಳಿರಲಿಲ್ಲ. ಏಕೆಂದರೆ ಅವರು ಕೇಳಿದರು, ಮಗ ಕೇಳಿರಲಿಲ್ಲ."

ನಾನು ಬಹಳ ಸಂತೋಷಪಟ್ಟೆನು. ಭರತನ ಮಾತು ನಮ್ಮ ಮನೆಗೆ ಅನ್ವಯಿಸುವುದಿಲ್ಲವೆಂದು ಅಂದೇ ಗೊತ್ತಾಯಿತು. ನನ್ನ ಸರದಿ ಬಂದಾಗ ನಾಲ್ಕೇ ಮಾತು ಆಡಿದೆನು. ಆದರೆ ಪತ್ನಿಯ ಮಾತು ಚಿತ್ರವನ್ನು ಕುರಿತದ್ದು ಎಂದು ತಿಳಿದೆನೇ ಹೊರತು, ಅದರಲ್ಲಿ ಬೇರೊಂದು ಸೂಚನೆ ಇರಬಹುದೆಂದು ಆಗ ನನಗೆ ಹೊಳೆಯಲಿಲ್ಲ.

ಮೂರನೆಯ ಚಿತ್ರವನ್ನು ಆಕೆಯೇ ಆರಿಸಿದಳು. "ಘಟಶ್ರಾದ್ಧ ನೋಡೋಣ. ನಮ್ಮ ಕಡೆಯ ಕಥೆ" ಎಂದಳು. ಆಕೆಯ ತವರು ತೀರ್ಥಹಳ್ಳಿಯ ಕಡೆಯ ಒಂದು ಅಗ್ರಹಾರ. ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಗಿರೀಶ ಕಾಸರವಳ್ಳಿಯವರು 1977ರಲ್ಲಿ ಚಿತ್ರವಾಗಿ ಮಾಡಿದರು. ಅವರ ಮೊದಲನೆಯ ಕಥಾಚಿತ್ರವೇ ದೇಶದ ಶ್ರೇಷ್ಠ ಚಿತ್ರವೆಂದು ಸ್ವರ್ಣಕಮಲವನ್ನು ಪಡೆಯಿತು. ಇಷ್ಟು ವರ್ಷಗಳ ಮೇಲೆ ಅದರ ಪ್ರತಿಯನ್ನು ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರೆಂದು ಮಗನು ಹೇಳಿದನು. ಕಪ್ಪುಬಿಳುಪಿನ ಚಿತ್ರ; ಬಿ. ವಿ. ಕಾರಂತರ ಸಂಗೀತ.

ಉಡುಪರೆಂಬ ವೈದಿಕರು ಮನೆಯಲ್ಲಿ ವೇದಪಾಠಶಾಲೆಯನ್ನು ನಡೆಸುತ್ತಾರೆ. ಅವರ ಮಗಳು ಯಮುನಾ ಎಳೆಯ ವಯಸ್ಸಿನ ವಿಧವೆ. ಹೊಸದಾಗಿ ಬಂದ ನಾಣಿ ಎಂಬ ಪುಟ್ಟ ವಟುವನ್ನು ದೊಡ್ಡ ಹುಡುಗರು ಪೀಡಿಸುತ್ತಾರೆ. ಯಮುನಕ್ಕ ಅವನಿಗೆ ಅಕ್ಕನೂ ತಾಯಿಯೂ ಆಗುತ್ತಾಳೆ. ಆಕೆ ಊರಿನ ಶಾಲೆಯ ಮೇಷ್ಟರೊಬ್ಬನಿಂದ ಗರ್ಭಿಣಿಯಾಗುತ್ತಾಳೆ. ಮೇಷ್ಟರು ಜಾರಿಕೊಳ್ಳುತ್ತಾನೆ. ಅವನು ನನ್ನ ವೃತ್ತಿಯವನೇ ಆದ್ದರಿಂದ ನನಗೆ ಕುಳಿತಲ್ಲಿ ಕುಳಿತಿರಲು ಕಷ್ಟವಾಯಿತು. ಕೊನೆಗೆ ತಂದೆಯೇ ಬದುಕಿರುವ ಮಗಳಿಗೆ ಶ್ರಾದ್ಧ ಮಾಡಿ, ಮಡಕೆಯನ್ನು ಒಡೆದು, ಕುಲದಿಂದ ಹೊರಗೆ ಹಾಕುತ್ತಾನೆ. ತಲೆ ಬೋಳಿಸಿಕೊಂಡ ಯಮುನಾ ಒಂದು ಮರದ ಕೆಳಗೆ ಕುಳಿತಿದ್ದಾಳೆ. ನಾಣಿಯನ್ನು ಅವನ ತಂದೆ ಊರಿಗೆ ಕರೆದುಕೊಂಡು ಹೋಗುತ್ತಿದ್ದಾನೆ. ಹುಡುಗನು ನೋಡುತ್ತಾನೆ. ಅಷ್ಟೆ.

ನಮ್ಮ ಹುಡುಗನು ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಅರ್ಧದಲ್ಲಿಯೇ ನಿದ್ರೆ ಹೋಗಿದ್ದನು. ಸೊಸೆ, "ಅದೇ ತಂದೆ ತಾನೊಂದು ಚಿಕ್ಕ ಹುಡುಗಿಯನ್ನು ಮದುವೆಯಾಗಲು ಒಪ್ಪುತ್ತಾನಲ್ಲ, ಅವನಿಗೆ ಯಾವ ಮಡಕೆಯೂ ಇಲ್ಲವೆ?" ಎಂದಳು. ಮಗನಿಗೆ ಮಾತು ಬರಲಿಲ್ಲ. ಪತ್ನಿಯ ಸರದಿ ಬಂದಾಗ ಆಕೆ, "ನನ್ನದನ್ನು ಬಿಡಿ. ನೀವು ಹೇಳಿ" ಎಂದಳು.

ನನಗೆ ಅಷ್ಟೇ ಸಾಕಾಯಿತು. ನಿಯಮವನ್ನು ಮರೆತು ಶಾಸ್ತ್ರವನ್ನು ಹಿಡಿದೆನು. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿ ಈ ವಿಧಿ ಬಂದಿದೆ. ಮಹಾಪಾತಕದಿಂದ ಪತಿತನಾದವನು ಬದುಕಿರುವಾಗಲೇ ಅವನ ಬಂಧುಗಳು ಊರ ಹೊರಗೆ ಸೇರಿ ಪ್ರೇತಕ್ಕೆಂಬಂತೆ ಉದಕಕ್ರಿಯೆಯನ್ನು ಮಾಡಬೇಕು; ನೀರು ತುಂಬಿದ ಘಟವನ್ನು ದಾಸಿಯು ಕಾಲಿನಿಂದ ಉರುಳಿಸಬೇಕು. ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ಅವನು ಪ್ರಾಯಶ್ಚಿತ್ತ ಮಾಡಿಕೊಂಡರೆ ಬಂಧುಗಳು ಅವನೊಡನೆ ಪುಣ್ಯಜಲದಲ್ಲಿ ಸ್ನಾನ ಮಾಡಿ ಹೊಸ ಘಟವನ್ನು ನೀರಿಗೆ ಹಾಕಿ ಅವನನ್ನು ಮರಳಿ ಕೂಡಿಸಿಕೊಳ್ಳಬೇಕು. ಪತಿತಳಾದವಳು ಸ್ತ್ರೀಯಾದರೆ, ವಿಧಿ ಇದೇ ಆದರೂ, ಆಕೆಗೆ ಅನ್ನ, ಪಾನ, ವಸ್ತ್ರಗಳನ್ನು ಕೊಡುತ್ತಲೇ ಇರಬೇಕು. ಮನೆಯ ಸಮೀಪದಲ್ಲಿಯೇ ಇರಗೊಡಬೇಕು. "ಆದ್ದರಿಂದ ಆ ಉಡುಪರು ಘಟವನ್ನು ಒಡೆಯುವ ಶಾಸ್ತ್ರವನ್ನು ಓದಿದರು, ಮುಂದಿನ ಪುಟವನ್ನು ತಿರುವಲಿಲ್ಲ" ಎಂದು ಮುಗಿಸಿದೆನು. ಮಾತು ಚೆನ್ನಾಗಿ ಕೂಡಿಬಂದಿತೆಂದು ನನಗೆ ಒಳಗೊಳಗೆ ತೃಪ್ತಿಯೂ ಆಯಿತು.

ಪತ್ನಿ ಮಗುವಿನ ಕೂದಲನ್ನು ಸವರುತ್ತಿದ್ದಳು. ತಲೆಯೆತ್ತದೆ ಹೇಳಿದಳು: "ನಮ್ಮ ಅಜ್ಜಿಗೂ ಅನ್ನ ಕೊಟ್ಟರು. ಬಟ್ಟೆ ಕೊಟ್ಟರು. ಮನೆಯ ಹತ್ತಿರವೇ, ಹಿತ್ತಿಲ ಕೋಣೆಯಲ್ಲಿ ಇಟ್ಟುಕೊಂಡರು. ಪುಸ್ತಕದಲ್ಲಿ ಪತಿತರಿಗೆ ಹೇಳಿದ್ದೆಲ್ಲ ಆಯಿತು. ಅವರು ಮಾಡಿದ ಪಾಪ ಏನೆಂದರೆ, ಹನ್ನೊಂದನೆಯ ವಯಸ್ಸಿನಲ್ಲಿ ಗಂಡ ಸತ್ತದ್ದು."

ಆ ಅಜ್ಜಿ ಆಕೆಯ ತಾತನ ತಂಗಿ. ಪತ್ನಿ ನಾಲ್ಕು ವರ್ಷದವಳಾಗಿದ್ದಾಗ ತಾಯಿ ತೀರಿಕೊಂಡರು. ಅಲ್ಲಿಂದ ಮುಂದೆ ಸಾಕಿದವರು ಈ ಅಜ್ಜಿ. ಕೆಂಪು ಸೀರೆ, ಬೋಳಿಸಿದ ತಲೆಯ ಮೇಲೆ ಸೆರಗು. ಮನೆಯಲ್ಲಿ ಎಲ್ಲರೂ "ಮಡಿಯಜ್ಜಿ" ಎನ್ನುತ್ತಿದ್ದರು. ಇಷ್ಟು ನನಗೆ ಗೊತ್ತಿದ್ದಿತು. ಮುಂದಿನದು ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದು ಮರೆತಿದ್ದೆನು.

ನಮ್ಮ ವಿವಾಹ ನಡೆದದ್ದು 1990ರ ವೈಶಾಖದಲ್ಲಿ, ಆಕೆಯ ತವರುಮನೆಯ ಚಪ್ಪರದಲ್ಲಿ. ಮದುವೆಯ ಹಪ್ಪಳ, ಸಂಡಿಗೆ, ಉಂಡೆಗಳೆಲ್ಲ ಎಂಬತ್ತು ದಾಟಿದ ಆ ಅಜ್ಜಿಯ ಕೈಯಿಂದಲೇ ಆದುವು. ಮುಹೂರ್ತದ ದಿನ ಮಾತ್ರ ಅವರು ತಾವಾಗಿಯೇ ಸೌದೆಯ ಕೊಟ್ಟಿಗೆಗೆ ಹೋಗಿ ಕುಳಿತರು, ಮಂಗಳದ ಹೊತ್ತಿನಲ್ಲಿ ಯಾರ ಕಣ್ಣಿಗೂ ಬೀಳಬಾರದೆಂದು. ಗೌರೀಪೂಜೆಗೆ ಕುಳಿತಿದ್ದ ಮದುವಣಗಿತ್ತಿ ತನ್ನ ಅಣ್ಣನನ್ನು ನನ್ನ ಬಳಿಗೆ ಕಳುಹಿಸಿದಳಂತೆ. ಧಾರೆಗೆ ಮೊದಲು ಇಬ್ಬರೂ ಹೋಗಿ ಅಜ್ಜಿಗೆ ನಮಸ್ಕಾರ ಮಾಡಿ ಬರಬೇಕೆಂದು ಆಕೆಯ ಆಸೆ. ಹಿರಿಯರು ಒಪ್ಪುವರೋ ಇಲ್ಲವೋ. ಆದರೆ ವರನು ಮೈಸೂರಿನಲ್ಲಿ ಶಾಸ್ತ್ರ ಓದಿದವನು, ಅವನು ಹೂಂ ಎಂದರೆ ಯಾರೂ ಎದುರಾಡರು ಎಂಬ ಧೈರ್ಯ.

ನಾನು, "ಈಗ ಬೇಡ. ಮಂಗಳಕಾರ್ಯ ಮುಗಿಯಲಿ, ಆಮೇಲೆ ನೋಡೋಣ" ಎಂದೆನಂತೆ.

ಯಾವ ಗ್ರಂಥವನ್ನೂ ನೆನೆದು ನಾನು ಹಾಗೆ ಹೇಳಿರಲಾರೆನು. ಎಲ್ಲರೂ ಹೇಳುವುದನ್ನು ಹೇಳಿದೆನು. ಆದರೆ ಓದಿದವನು ಹೇಳಿದನೆಂದು ಅದು ಶಾಸ್ತ್ರವಾಯಿತು. ಮತ್ತೆ ಯಾರೂ ಆ ಮಾತನ್ನು ಎತ್ತಲಿಲ್ಲ. ಸಂಜೆ ನಮ್ಮ ಕಡೆಯವರಿಗೆ ಘಾಟಿಯ ದಾರಿ ಕತ್ತಲಾಗುವುದೆಂಬ ಅವಸರ. ಬಸ್ಸು ಹೊರಟಿತು. ಕೊಟ್ಟಿಗೆಯ ಬಾಗಿಲಲ್ಲಿ ಕೆಂಪು ಸೀರೆಯನ್ನು ಕಿಟಕಿಯಿಂದ ಕಂಡೆನೆಂದು ಪತ್ನಿ ಹೇಳಿದಳು. ಆಷಾಢಕ್ಕೆ ಆಕೆ ತವರಿಗೆ ಹೋಗಬೇಕಾಗಿದ್ದಿತು. ಅದಕ್ಕೆ ಎಂಟು ದಿನ ಮೊದಲು ಅಜ್ಜಿ ತೀರಿಕೊಂಡರು. ಮದುವೆಯ ಒಂದು ಭಾವಚಿತ್ರದಲ್ಲಿಯೂ ಅವರಿಲ್ಲ.

ಇದನ್ನೆಲ್ಲ ಆಕೆ ಆಕ್ಷೇಪಣೆಯ ಧ್ವನಿಯಲ್ಲಿ ಹೇಳಲಿಲ್ಲ. ಚಿತ್ರದ ವಿಷಯದಲ್ಲಿ ತನ್ನ ಅಭಿಪ್ರಾಯವನ್ನು ಹೇಳುವಂತೆಯೇ ಹೇಳಿದಳು. ಮಗನೂ ಸೊಸೆಯೂ ಎದ್ದು ಹೋಗಲಾರದೆ, ಕುಳಿತಿರಲಾರದೆ ಇದ್ದರು. "ಇಷ್ಟು ವರ್ಷ ಏಕೆ ಹೇಳಲಿಲ್ಲ?" ಎಂದು ಕೇಳುವುದಕ್ಕೆ ನಾನು ಬಾಯಿ ತೆರೆದು ಹಾಗೆಯೇ ಮುಚ್ಚಿಕೊಂಡೆನು. ಉತ್ತರವನ್ನು ಮೊಮ್ಮಗನು ಹೂಗಿಡಗಳ ಬಳಿ ಆಗಲೇ ಕೊಟ್ಟಿದ್ದನು.

ಬಹಳ ಹೊತ್ತಿನ ಮೇಲೆ, "ಅಜ್ಜಿಯ ಹೆಸರೇನು?" ಎಂದು ಕೇಳಿದೆನು. ಆಕೆ ಹೇಳಿದಳು. ಆ ಮನೆಯ ಅಳಿಯನಾಗಿ ಇಷ್ಟು ಕಾಲವಾದ ಮೇಲೆ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಬಹು ಸುಂದರವಾದ ಹೆಸರು. ನಿಘಂಟಿನಲ್ಲಿ ಅದರ ಅರ್ಥವನ್ನು ನೋಡಬೇಕಾದ ಅಗತ್ಯ ನನಗಿರಲಿಲ್ಲ. ಆದರೂ ಮರುದಿನ ಬೆಳಿಗ್ಗೆ ಅಮರಕೋಶವನ್ನು ತೆಗೆದು ನೋಡಿದೆನು.

ವಾಚಕರು ಇದನ್ನು ಚಿತ್ರವಿಮರ್ಶೆಯೆಂದು ಓದಲಾರಂಭಿಸಿದ್ದರೆ ಕ್ಷಮಿಸಬೇಕು. ವಿಮರ್ಶೆ ಬೇಕಾದವರಿಗೆ ಇಷ್ಟು ಹೇಳಬಲ್ಲೆನು: ಮೂರೂ ನೋಡತಕ್ಕ ಚಿತ್ರಗಳು. "ಆದಿ ಶಂಕರಾಚಾರ್ಯ"ವನ್ನು ಅವಸರವಿಲ್ಲದ ದಿನ ನೋಡಬೇಕು. ಸಂಸ್ಕೃತ ಬಾರದವರಿಗೂ ಕಣ್ಣಿನಿಂದ ತಿಳಿಯುವುದು ಅದರಲ್ಲಿ ಬೇಕಾದಷ್ಟಿದೆ. "ತಿಥಿ"ಯಲ್ಲಿ ನಗು ಉಂಟು, ಬೈಗುಳವೂ ಉಂಟು. ಮಕ್ಕಳಿದ್ದ ಮನೆಯವರು ಎಚ್ಚರವಾಗಿರಬೇಕು. "ಘಟಶ್ರಾದ್ಧ"ವನ್ನು ಮಕ್ಕಳು ಮಲಗಿದ ಮೇಲೆ ನೋಡುವುದು ಲೇಸು. ಇನ್ನು ಗೃಹಸ್ಥರಿಗೆ ನನ್ನದೊಂದು ವಿಜ್ಞಾಪನೆ. ನಮ್ಮ ಸೊಸೆಯ ನಿಯಮವನ್ನು ತಮ್ಮ ಮನೆಗಳಲ್ಲಿಯೂ ಪರೀಕ್ಷಿಸಿ ನೋಡಬಹುದು. ಖರ್ಚಿಲ್ಲ. ಮನೆಯಲ್ಲಿ ಯಾರ ಮಾತಿಗೆ ಹೆಚ್ಚು ಬೆಲೆಯಿದೆಯೋ ಅವರು ಕಡೆಗೆ ಮಾತನಾಡಬೇಕು. ಅವರಿಗೆ ಆಡಲು ಏನೂ ಉಳಿಯದೆ ಹೋದರೂ ಹೋಗಬಹುದು.

ಭಾದ್ರಪದ ಬಹುಳದ ಪಿತೃಪಕ್ಷ ಸಮೀಪಿಸುತ್ತಿದೆ. ತರ್ಪಣದಲ್ಲಿ ತಾಯಿತಂದೆಗಳ ಕಡೆಯವರಾದ ಮೇಲೆ ಪತ್ನಿಯ ಕಡೆಯವರನ್ನೂ ಇತರ ಬಂಧುಗಳನ್ನೂ ನೆನೆಯುವುದುಂಟು. ಈ ವರ್ಷ ಅಲ್ಲಿ ಅಜ್ಜಿಯ ಹೆಸರನ್ನು ಹೇಳಿ ಎಳ್ಳುನೀರು ಬಿಡಬೇಕೆಂದು ನನ್ನ ಮನಸ್ಸಿಗೆ ಬಂದಿತು. ಸಂಕಲ್ಪ ಮಾಡಿಕೊಳ್ಳುವುದಕ್ಕೆ ಮೊದಲು ಅಡಿಗೆಯ ಮನೆಗೆ ಹೋಗಿ, "ಹೀಗೆ ಮಾಡಬಹುದೆ?" ಎಂದು ಪತ್ನಿಯನ್ನು ಕೇಳಿದೆನು. ಆಕೆ ಒಲೆಯ ಉರಿಯನ್ನು ಸಣ್ಣಗೆ ಮಾಡಿ, ಸ್ವಲ್ಪ ಹೊತ್ತು ಯೋಚಿಸಿದಳು. "ಮಾಡಿ. ಮಡಿಯಜ್ಜಿ ಎನ್ನಬೇಡಿ. ಹೆಸರು ಹೇಳಿ" ಎಂದಳು.